ಅಪ್ಪರ್ ವೋಲ್ಟಾದ ಗೋಲು

ಸಂಕ್ರಾಂತಿ ಕಳೆದು ನಾಲ್ಕು ದಿನವಾಗಿತ್ತು. ಮಂಜು ಇನ್ನೂ ಹೊಲದ ಮೇಲೆಯೇ ಕೂತಿತ್ತು. ಒಂದು ಪಕ್ಕದ ಕಣದಲ್ಲಿ ನರಸಮ್ಮಜ್ಜಿಯ ರಾಗಿ ತೆನೆಗಳ ಮೇಲೆ ಕಲ್ಲಿನ ಗುಂಡು ಉರುಳುತ್ತಿತ್ತು. ಇನ್ನೊಂದು ಪಕ್ಕ, ಕೊಯ್ಲು ಮುಗಿದ ಹೊಲದಲ್ಲಿ, ಸ್ಕೂಲಿನ ಮಕ್ಕಳು ಸಾಲಾಗಿ ಕೂತು ಕೂಳೆ ಕೀಳುತ್ತಿದ್ದರು. ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಆ ಮೋಟು ಕಡ್ಡಿ ಬರಿಗಾಲಿಗೆ ಚುಚ್ಚಿದರೆ ಮುಳ್ಳಿಗಿಂತ ಜೋರು.

"ಬೇರು ಸಮೇತ ಕೀಳ್ರೋ. ಇದು ಇಂಟರ್‌ನ್ಯಾಷನಲ್ ಗ್ರೌಂಡು," ಎಂದರು ಹೆಡ್‌ಮಾಸ್ಟರ್ ಗುರುಬಸಪ್ಪ.

ಐದನೇ ಕ್ಲಾಸಿನ ಅಣ್ಣಮ್ಮ ಎರಡೂ ಕೈಯಲ್ಲಿ ಕೀಳುತ್ತಿದ್ದಳು. ಅದು ಅವಳ ಅಜ್ಜಿ ನರಸಮ್ಮನದೇ ಹೊಲ. ಈಗ ಹೊಲ ಎನ್ನುವ ಹಾಗಿರಲಿಲ್ಲ. ನಾಯಂಡಹಳ್ಳಿ ದಾಟಿದರೆ ಸಿಗುವ ಅವರ ಊರಿನ ಹೆಸರು ಹುರುಳಿಪಾಳ್ಯ. ಹೋದ ವರ್ಷ ಜೀಪಿನಲ್ಲಿ ಬಂದವರು ಹೊಲದ ತುಂಬ ಸೈಟಿನ ಕಲ್ಲು ನೆಟ್ಟು, 'ವಿಶಾಲನಗರ ಎರಡನೇ ಹಂತ' ಎಂದು ಬೋರ್ಡು ಹಾಕಿ ಹೋಗಿದ್ದರು. ಮೊದಲನೇ ಹಂತ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಮನೆ ಏಳುವ ತನಕ ನೆಲ ಯಾಕೆ ಸುಮ್ಮನಿರಬೇಕು ಎಂದು ಅಜ್ಜಿ ಕಲ್ಲುಗಳ ನಡುವೆಯೇ ರಾಗಿ ಬಿತ್ತಿದ್ದಳು.

ಇಂಟರ್‌ನ್ಯಾಷನಲ್ ವಿಷಯ ಶುರುವಾದದ್ದು ಪೇಪರಿನ ನಾಲ್ಕು ಸಾಲಿನಿಂದ. ಆಫ್ರಿಕಾದ ದೇಶಗಳ ಹುಡುಗರ ಟೀಮುಗಳು ಫುಟ್‌ಬಾಲ್ ಪಂದ್ಯಾವಳಿ ಆಡುತ್ತವೆ ಎಂಬ ಸುದ್ದಿ ಅದು. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು ಎಂದು ಗುರುಬಸಪ್ಪ ಮೇಷ್ಟ್ರು ನಾಲ್ಕು ಬೀದಿಯ ಮಕ್ಕಳನ್ನು ಆಫ್ರಿಕಾದ ನಾಲ್ಕು ದೇಶ ಮಾಡಿದರು. ಹದಿನಾಲ್ಕು ರೂಲು ಬರೆದರು. ಅದರಲ್ಲಿ ಒಂಬತ್ತು ರೂಲು ಮುಖ್ಯ ಅತಿಥಿಗಳನ್ನು ಸ್ವಾಗತಿಸುವುದು ಹೇಗೆ ಎಂಬುದರ ಬಗ್ಗೆಯೇ ಇದ್ದವು. ಹನ್ನೊಂದನೇ ರೂಲಿನಲ್ಲಿ, ಪ್ರತಿ ಟೀಮೂ ಆಫ್ರಿಕಾದ ಒಂದು ದೇಶವಾಗಿರತಕ್ಕದ್ದು ಎಂದಿತ್ತು.

ಸೀಮೆಸುಣ್ಣದ ಡಬ್ಬಿಯಿಂದ ಚೀಟಿ ಎತ್ತಿದರು. ಊರಿನ ಪಕ್ಕ ಈಗಾಗಲೇ ಎದ್ದಿದ್ದ ಹೊಸ ಮನೆಗಳ ಟೀಮಿನ ಕ್ಯಾಪ್ಟನ್ ಚನ್ನಕೇಶವನಿಗೆ ಈಜಿಪ್ಟ್ ಬಂತು. ಅವರೆಲ್ಲ ಬನಿಯನ್ ಮೇಲೆ ಪಿರಮಿಡ್ ಬರೆದುಕೊಂಡರು. ಅಣ್ಣಮ್ಮನ ಬೀದಿಯಾದ ಹಳೇ ಊರಿನವರಿಗೆ ಬಂದದ್ದು ಅಪ್ಪರ್ ವೋಲ್ಟಾ. ಸ್ಕೂಲಿನ ಹಳೇ ಅಟ್ಲಾಸಿನಲ್ಲಿ ಅದನ್ನು ಹುಡುಕಲು ಅರ್ಧ ಪೀರಿಯಡ್ ಹಿಡಿಯಿತು. ಅಲ್ಲಿ ಪಿರಮಿಡ್ಡೂ ಇಲ್ಲ, ಸಮುದ್ರವೂ ಇಲ್ಲ. ಬನಿಯನ್ ಮೇಲೆ ಏನು ಬರೆಯುವುದೋ ತಿಳಿಯದೆ ಅವರು ಸುಮ್ಮನಾದರು.

ಹಳೇ ಊರಿನಲ್ಲಿ ಹುಡುಗರು ಆರೇ ಜನ. ಟೀಮಿಗೆ ಬೇಕಾದ ಏಳನೆಯವಳಾಗಿ ಅಣ್ಣಮ್ಮ ಸೇರಿದಳು. ಹುಡುಗಿ ಆಡಬಹುದಾ ಎಂದು ಯಾರೋ ತಗಾದೆ ತೆಗೆದರು. ಮೇಷ್ಟ್ರು ಹದಿನಾಲ್ಕೂ ರೂಲು ಓದಿ ನೋಡಿದರು. ಬೇಡ ಎಂದು ಎಲ್ಲೂ ಇರಲಿಲ್ಲ.

ಆ ದೇಶದಲ್ಲಿ ಏನು ಬೆಳೆಯುತ್ತಾರೆ ಎಂದು ಅಜ್ಜಿ ಕೇಳಿದಳು. ಸಜ್ಜೆ, ಜೋಳ ಎಂದು ಅಣ್ಣಮ್ಮ ಹೇಳಿದಳು.

"ಹಂಗಾದ್ರೆ ನಮ್ಮಂಥೋರೇ ಬಿಡು," ಎಂದಳು ಅಜ್ಜಿ.

ಗೆದ್ದವರ ಬೀದಿಯಲ್ಲಿ ಕಪ್ ಒಂದು ವರ್ಷ ಇರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಹಳೇ ಊರಿಗೆ ಇದುವರೆಗೆ ಒಂದು ಬಹುಮಾನವೂ ಬಂದಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ನಿಂಬೆಹಣ್ಣು-ಚಮಚದ ಓಟವನ್ನೂ ಹೊಸ ಮನೆಯವರೇ ಹೊಡೆದುಕೊಂಡಿದ್ದರು. ಈ ಸಲ ಕಪ್ ಬಂದೇ ಬರುತ್ತದೆ ಎಂದು ಅಣ್ಣಮ್ಮ ಮನೆಯ ಗೋಡೆಗೂಡಿನಿಂದ ಎಣ್ಣೆ ಬಾಟಲಿ ತೆಗೆದು, ಗೂಡನ್ನು ಒರೆಸಿ ಇಟ್ಟಳು.

ಶನಿವಾರ ಅಪ್ಪರ್ ವೋಲ್ಟಾ ಘಾನಾವನ್ನು ಸೋಲಿಸಿತು. ಈಜಿಪ್ಟ್ ನೈಜೀರಿಯಾವನ್ನು ಸೋಲಿಸಿತು. ಭಾನುವಾರ ಫೈನಲ್.

ಮುಖ್ಯ ಅತಿಥಿ ಬಡಾವಣೆ ಸಂಘದ ಅಧ್ಯಕ್ಷ ಜಗನ್ನಾಥ್. ಅವರು ಚನ್ನಕೇಶವನ ಅಪ್ಪ. ಕಪ್ ಕೊಡಿಸಿದವರೂ ಅವರೇ. ದಪ್ಪನೆಯ ಇಯರ್ ಬುಕ್ ಹಿಡಿದುಕೊಂಡು ಬಂದಿದ್ದ ಅವರು ಆಫ್ರಿಕಾದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಶಾಮಿಯಾನ ಹನ್ನೊಂದಕ್ಕೆ ಒಂದು ನಾಮಕರಣಕ್ಕೆ ಹೋಗಬೇಕಿತ್ತು. ಹಾಗಾಗಿ ಫುಟ್‌ಬಾಲಿಗೆ ಇಪ್ಪತ್ತು ನಿಮಿಷ ಉಳಿಯಿತು.

ಎರಡು ಬಿದಿರು ಗಳ, ಮೇಲೆ ಹುಲ್ಲಿನ ಹಗ್ಗ, ಅದೇ ಗೋಲು. ಈಜಿಪ್ಟಿನವರ ಕಾಲಲ್ಲಿ ಕ್ಯಾನ್ವಾಸ್ ಶೂ ಇತ್ತು. ಅಪ್ಪರ್ ವೋಲ್ಟಾದವರದು ಬರಿಗಾಲು. ಹತ್ತೊಂಬತ್ತು ನಿಮಿಷ ಯಾರಿಗೂ ಗೋಲು ಬರಲಿಲ್ಲ. ಆಮೇಲೆ ಚೆಂಡು ಯಾರೋ ಕೀಳದೆ ಬಿಟ್ಟಿದ್ದ ಕೂಳೆಗೆ ತಾಗಿ ಪಕ್ಕಕ್ಕೆ ತಿರುಗಿ ಅಣ್ಣಮ್ಮನ ಮುಂದೆ ನಿಂತಿತು. ಅವಳು ಒದ್ದಳು. ಗೋಲಿನಲ್ಲಿ ನಿಂತಿದ್ದ ಚನ್ನಕೇಶವನ ಎರಡು ಕಾಲ ನಡುವೆ ನುಗ್ಗಿದ ಚೆಂಡು ರಾಗಿ ಮೆದೆಗೆ ಹೋಗಿ ಬಡಿಯಿತು.

ಮೇಷ್ಟ್ರು ಸೀಟಿ ಊದಿದರು. ಹಳೇ ಊರಿನವರು ಕಪ್ ಇದ್ದ ಟೇಬಲ್ಲಿನ ಕಡೆ ಓಡಿದರು. ಅಷ್ಟರಲ್ಲಿ ಜಗನ್ನಾಥ್ ಇಯರ್ ಬುಕ್ ತೆರೆದರು.

"ಮೇಷ್ಟ್ರೇ, ಅಪ್ಪರ್ ವೋಲ್ಟಾ ಅನ್ನೋ ದೇಶಾನೇ ಇಲ್ವಲ್ರೀ. ಹೋದ ಆಗಸ್ಟ್‌ನಲ್ಲೇ ಹೆಸರು ಬದಲಾಯ್ಸಿದಾರೆ. ಈಗ ಬುರ್ಕಿನಾ ಫಾಸೋ. ಇಲ್ಲದೇ ಇರೋ ದೇಶ ಗೋಲು ಹೊಡೆಯೋಕಾಗುತ್ತಾ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇಯರ್ ಬುಕ್ ನೋಡಿದರು. ಆಮೇಲೆ ಹನ್ನೊಂದನೇ ರೂಲು ನೋಡಿದರು. ಆಮೇಲೆ ಕಪ್ ನೋಡಿದರು. ಅಟ್ಲಾಸ್ ಸರ್ಕಾರ ಕೊಟ್ಟದ್ದು, ಅದನ್ನು ತಪ್ಪು ಎನ್ನುವ ಹಾಗಿಲ್ಲ. ಅಧ್ಯಕ್ಷರನ್ನೂ ಹಾಗೆನ್ನುವ ಹಾಗಿಲ್ಲ. ಮೇಲಿನ ಆಫೀಸಿಗೆ ಕಾಗದ ಬರೆದು ಕೇಳುವುದೆಂದೂ, ಉತ್ತರ ಬರುವ ತನಕ ಗೋಲನ್ನು ತಡೆಹಿಡಿಯಲಾಗಿದೆ ಎಂದೂ, ಕಪ್ ಸ್ಕೂಲಿನ ಬೀರುವಿನಲ್ಲಿ ಇರತಕ್ಕದ್ದೆಂದೂ ಅವರು ತೀರ್ಪು ಕೊಟ್ಟರು.

ಅಣ್ಣಮ್ಮ ಮುಂದೆ ಬಂದು ನಿಂತಳು.

"ಸಾರ್, ನಮ್ಮೂರಿನ ಹೆಸರೂ ಹೋದ ವರ್ಷ ಬದಲಾಯ್ಸಿದ್ರು. ನಾವು ಇಲ್ಲೇ ಇದೀವಲ್ಲ ಸಾರ್."

ಅದು ಬೇರೆ ಡಿಪಾರ್ಟ್‌ಮೆಂಟಿನ ವಿಷಯ ಎಂದು ಜಗನ್ನಾಥ್ ಹೇಳಿದರು. ಅಷ್ಟರಲ್ಲಿ ಕಾಫಿ ಬಂತು.

ಚೆಂಡಿಗೆ ಗಾಳಿ ಹೊಡೆಯುವ ಪಂಪನ್ನು ವಾಪಸ್ ಕೊಡಲು ಅಣ್ಣಮ್ಮ ಆಫೀಸು ರೂಮಿಗೆ ಹೋದಾಗ ಮೇಷ್ಟ್ರು ಆ ಕಾಗದ ಬರೆಯುತ್ತಿದ್ದರು. ಮೇಲ್ಗಡೆ 'ಹುರುಳಿಪಾಳ್ಯ' ಎಂದು ಬರೆದು ಹೊಡೆದುಹಾಕಿದರು. 'ವಿಶಾಲನಗರ' ಎಂದು ಬರೆದು ಅದನ್ನೂ ಹೊಡೆದುಹಾಕಿದರು. ತಲೆ ಎತ್ತಿದರೆ ಅವಳು ನಿಂತಿದ್ದಳು.

"ಏನ್ ನೋಡ್ತೀ, ಹೋಗು," ಎಂದರು.

ಮನೆಯಲ್ಲಿ ಅಜ್ಜಿ ಎಣ್ಣೆ ಬಾಟಲಿಯನ್ನು ತಿರುಗಿ ಗೂಡಿನಲ್ಲಿ ಇಟ್ಟಳು.

ಸೋಮವಾರ ಸಂಜೆ ಅಣ್ಣಮ್ಮ ಕಣದಲ್ಲಿ ಹುಲ್ಲು ಒಟ್ಟುತ್ತಿದ್ದಳು. ಚನ್ನಕೇಶವ ಒಬ್ಬನೇ ಬಂದ. ಕಂಕುಳಲ್ಲಿ ಅವನದೇ ಚೆಂಡು ಇತ್ತು. ಅವಳು ಹುಲ್ಲು ಒಟ್ಟುತ್ತಲೇ ಇದ್ದಳು. ಅವನೇ ಶುರು ಮಾಡಿದ.

"ಗೋಲೇ ಕಣೇ ಅದು. ನನ್ನ ಕಾಲ ಸಂದಿಯಲ್ಲೇ ಹೋಯ್ತು. ಅಪ್ಪಂಗೂ ಹೇಳ್ದೆ. ದೊಡ್ಡೋರ ವಿಷ್ಯ, ಸುಮ್ನಿರು ಅಂದ್ರು."

ಅಣ್ಣಮ್ಮ ಹುಲ್ಲಿನ ಕಂತೆಯನ್ನು ಮೆದೆಯ ಮೇಲೆ ಎಸೆದಳು.

"ನಮ್ದು ನಿಮಗೆ ಒಂದು ಗೋಲು ಬಾಕಿ. ಬಾ, ಹೊಡ್ಕೋ," ಎಂದು ಅವನು ಚೆಂಡನ್ನು ಗೋಲಿನ ಮುಂದೆ ನೆಲಕ್ಕಿಟ್ಟು ಪಕ್ಕಕ್ಕೆ ಸರಿದು ನಿಂತ.

ಅವಳು ಕಣದಿಂದ ಇಳಿದು ಬಂದು ಚೆಂಡಿನ ಮೇಲೆ ಕಾಲಿಟ್ಟಳು. ಎದುರಿಗೆ ಎರಡು ಗಳ, ನಡುವೆ ಖಾಲಿ. ಹಸುವಿನ ಕರು ಒದ್ದರೂ ಒಳಗೆ ಹೋಗುತ್ತಿತ್ತು. ಅವಳು ಒದೆಯಲಿಲ್ಲ.

"ಅಲ್ಲಿ ಯಾರೂ ಇಲ್ವಲ್ಲೋ. ನೀನು ನಿಂತ್ಕೋ. ಸರಿಯಾಗಿ ನಿಂತ್ಕೋ."

ಅವನು ಹೋಗಿ ನಿಂತ. ಅವಳು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು, ಇದ್ದ ಬಲವನ್ನೆಲ್ಲ ಹಾಕಿ ಒದ್ದಳು. ಚನ್ನಕೇಶವ ಎಡಕ್ಕೆ ಹಾರಿ ಬಿದ್ದ. ಎದ್ದಾಗ ಅವನ ಮೊಣಕೈ ತುಂಬ ಕೂಳೆ ಗೀರಿದ ಗಾಯ. ಚೆಂಡನ್ನು ಎದೆಗೆ ಅವಚಿಕೊಂಡಿದ್ದ. ತಾನೇ ಏನೋ ಕದ್ದವನ ಹಾಗೆ ಅದನ್ನು ನೋಡಿದ.

"ಬೇಕೂಂತ ಹಿಡೀಲಿಲ್ಲ ಕಣೇ. ಕೈಗೆ ಬಂತು. ಇನ್ನೊಂದ್ಸಲ ಹೊಡಿ."

ಅಣ್ಣಮ್ಮನಿಗೆ ನಗು ಬಂತು. ಹೊತ್ತು ಮುಳುಗುತ್ತಿತ್ತು. ಹುಲ್ಲು ಇನ್ನೂ ಅರ್ಧ ಒಟ್ಟುವುದಿತ್ತು.

"ಇವತ್ತು ಬೇಡ," ಎಂದಳು. "ಬಾಕಿ ಇರ್ಲಿ. ನಾಳೆ ಬಾ."

ಅವನು ತಲೆಯಾಡಿಸಿ ಹೊರಟ. ಹತ್ತು ಹೆಜ್ಜೆ ಹೋದವನು ತಿರುಗಿ ಬಂದು, ಚೆಂಡನ್ನು ಅವಳ ಕೈಗೆ ಕೊಟ್ಟು ಹೋದ.