ಎರಡನೇ ಚಾರ್ಜರ್ ಯಾರಿಗೆ?

“ಅಯ್ಯಯ್ಯೋ! ಅದನ್ನ ಜೇಬಿನಿಂದ ತೆಗೀರಿ ಮೊದಲು!”

ಅವಳು ಅವನಿಗೆ ಆಡಿದ ಮೊದಲ ಮಾತೇ ಇದು. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಬರುವ ಮಹಾನುಭಾವನಿಗೆ ಇನ್ನೇನು ಹೇಳಬೇಕು? ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ಭಾನುವಾರ ಬಂತೆಂದರೆ ಆಟದ ವಿಮಾನ ಹಾರಿಸುವ ಹುಚ್ಚು. ಅವಳು ಚಿಕ್ಕಪ್ಪನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಬಿಡಿಭಾಗ ಮಾರುವವಳು.

ಆಮೇಲೆ ಎಂಟು ತಿಂಗಳು, ಒಂದು ಶನಿವಾರವನ್ನೂ ಅವನು ತಪ್ಪಿಸಲಿಲ್ಲ. ಒಂದು ವೈರು, ಒಂದು ಪ್ಲಗ್ಗು, ಏನಾದರೊಂದು ನೆಪ!

“ನಿನ್ನ ವಿಮಾನ ಇಳೀತು ನೋಡಮ್ಮ,” ಎಂದು ಚಿಕ್ಕಪ್ಪ ರೇಗಿಸುತ್ತಿದ್ದರು.

“ಸುಮ್ನಿರಿ ಚಿಕ್ಕಪ್ಪ!”

ಉಳಿದ ಆರು ದಿನ ಅವಳಿಗಿದ್ದದ್ದು ಅಂಗಡಿಯ ಮೇಲಿನ ಒಂಟಿ ಕೋಣೆ, ಒಂದು ತಟ್ಟೆ, ಒಂದು ಲೋಟ. ಮನುಷ್ಯರ ದನಿಯಾದರೂ ಕೇಳಲಿ ಎಂದು ರೇಡಿಯೊ ಹಚ್ಚಿಟ್ಟುಕೊಂಡೇ ಉಣ್ಣುತ್ತಿದ್ದಳು.

ಒಂದು ಶನಿವಾರ ಅವನು ಕೇಳಿದ, “ಬ್ಯಾಟರಿ ಚಾರ್ಜರ್‌ಗೆ ಪವರ್ ಸಪ್ಲೈ ಬೇಕಿತ್ತು. ಯಾವುದು ತಗೊಳ್ಳಲಿ?”

“ನಿಮ್ಮ ಚಾರ್ಜರ್ ನೂರು ವ್ಯಾಟ್ ಎಳೆಯುತ್ತೆ. ನೂರಿಪ್ಪತ್ತರದ್ದು ಸಾಕು.”

“ಅಲ್ಲ... ಎರಡು ಚಾರ್ಜರ್ ಒಟ್ಟಿಗೆ ಹಾಕ್ಬೇಕು.” ಅವನ ಕಿವಿ ಕೆಂಪಾಗಿತ್ತು. “ಇನ್ಮೇಲೆ ಇನ್ನೊಬ್ರು ಬರಬಹುದು. ಅವರಿಗೂ ಒಂದು ಅಂತ...”

ಇನ್ನೊಬ್ಬರು! ಆ ಕೆಂಪು ಕಿವಿ ನೋಡಿದ ಮೇಲೂ ಯಾರೆಂದು ಕೇಳಬೇಕೇ?

“ಹಾಗಾದ್ರೆ ಮುನ್ನೂರರದ್ದೇ ತಗೊಳ್ಳಿ. ಸಪ್ಲೈನ ಕತ್ತು ಹಿಸುಕಿ ದುಡಿಸಬಾರದು,” ಎಂದು ಕಪಾಟಿನತ್ತ ತಿರುಗಿ ಕಣ್ಣೊರೆಸಿಕೊಂಡಳು. ಡಬ್ಬ ಕೊಟ್ಟಳು. ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಗಿರಾಕಿಯನ್ನು ಕರೆದಳು.

ಸಂಜೆ ನೋಡಿದರೆ ಮುನ್ನೂರರ ಡಬ್ಬ ಕಪಾಟಿನಲ್ಲೇ ಇದೆ! ಕೊಟ್ಟದ್ದು ನೂರಿಪ್ಪತ್ತರದ್ದು. ಕೈ ಒಂದು ಕಡೆ, ಮನಸ್ಸು ಒಂದು ಕಡೆ ಆದರೆ ಇನ್ನೇನಾಗುತ್ತದೆ ಹೇಳಿ!

ಅಪಾಯವೇನಿಲ್ಲ. ಎರಡು ಚಾರ್ಜರ್ ಒಟ್ಟಿಗೆ ಕರೆಂಟ್ ಎಳೆದ ಕೂಡಲೇ ಅದು ತಾನಾಗಿ ಆಫ್ ಆಗುತ್ತದೆ. ನಾಳೆಯೇ ಜಗಳಕ್ಕೆ ಬರುತ್ತಾನೆ... ಬರಲಿ, ಬೈಯಲಿ, ಮುಖವಾದರೂ ಕಾಣಲಿ.

ಅವನು ಬರಲಿಲ್ಲ. ಮೂರು ಶನಿವಾರ ಕಳೆದವು. ಚಿಕ್ಕಪ್ಪನೂ ತಮಾಷೆ ನಿಲ್ಲಿಸಿದರು. ಅವನ ನಂಬರ್ ಒತ್ತುವಳು, ‘ಆ ಇನ್ನೊಬ್ಬಳೇ ಎತ್ತಿಬಿಟ್ಟರೆ?’ ಎಂದು ಕತ್ತರಿಸುವಳು. ಮೇಲಿನ ಕೋಣೆಯಲ್ಲಿ ರೇಡಿಯೊ ಹಚ್ಚಿದರೂ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು.

ನಾಲ್ಕನೇ ಶನಿವಾರ ತಡೆಯಲಾಗಲಿಲ್ಲ. ಅವನೇ ಎತ್ತಿದ.

“ಸಪ್ಲೈ ತಪ್ಪು ಕೊಟ್ಟಿದ್ದೀನಿ. ತನ್ನಿ, ಬದಲಾಯಿಸ್ತೀನಿ.”

ಅರ್ಧ ಗಂಟೆಯಲ್ಲಿ ಎದುರು ನಿಂತಿದ್ದ. ಸೊರಗಿದ್ದ.

“ಇದು ಚೆನ್ನಾಗೇ ಇದೆಯಲ್ಲ?”

“ಹೇಗ್ರೀ ಚೆನ್ನಾಗಿರುತ್ತೆ? ಎರಡು ಚಾರ್ಜರ್ ಹಾಕಿದ್ರೆ ಆಫ್ ಆಗಲೇಬೇಕು! ಒಂದು ಸಲವೂ ಆಗಲಿಲ್ವಾ?”

“ಇಲ್ಲ...”

ಅದನ್ನು ಕೇಳುತ್ತಲೇ ಅವಳಿಗೆ ಹೊಳೆಯಿತು. ಆಫ್ ಆಗಿಲ್ಲವೆಂದರೆ...

“ಎರಡನೇದು ಹಾಕೇ ಇಲ್ಲ,” ಎಂದ ಮೆಲ್ಲಗೆ. “ಇನ್ನೂ ಡಬ್ಬದಲ್ಲೇ ಇದೆ.”

“ಅವರು... ಬರಲಿಲ್ವಾ?”

“ಕರೆದ್ರೆ ತಾನೇ ಬರೋದು! ಅವತ್ತು ಕರೆಯೋಣ ಅಂತಲೇ ಬಂದಿದ್ದೆ. ನೀವು ಮುಖ ತಿರುಗಿಸಿಬಿಟ್ರಿ. ನಾನು ಬರೋದೇ ಇಷ್ಟವಿಲ್ಲವೇನೋ ಅಂದ್ಕೊಂಡೆ...”

ಅವಳು ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೇವರೇ! ತನ್ನ ಮೇಲೆಯೇ ತಾನು ಹೊಟ್ಟೆಕಿಚ್ಚು ಪಟ್ಟು ನಾಲ್ಕು ವಾರ ಅತ್ತಿದ್ದಾಳೆ!

“ಈ ನಾಲ್ಕು ವಾರ ಒಬ್ರೇ ಹಾರಿಸಿದ್ರಾ?”

“ಒಂದು ದಿನವೂ ಇಲ್ಲ. ಕೋಣೇಲಿ ಕೂತು ಬ್ಯಾಟರಿ ಚಾರ್ಜ್ ಮಾಡ್ತಿದ್ದೆ, ಮತ್ತೆ ಖಾಲಿ ಮಾಡ್ತಿದ್ದೆ. ಅಷ್ಟೇ.”

ಅವಳ ಕಣ್ಣು ತುಂಬಿ ಬಂತು. ಈ ಸಲ ಕಪಾಟಿನತ್ತ ತಿರುಗಲಿಲ್ಲ.

“ನಾಳೆ ಭಾನುವಾರ,” ಎಂದಳು. “ನಾನು ಬರ್ಲಾ?”

“ನಿಜವಾಗ್ಲೂ?”

“ಆದ್ರೆ ಒಂದು ಮಾತು... ಬಂದ ಮೇಲೆ ವಾಪಸ್ ಕಳಿಸೋ ಹಾಗಿಲ್ಲ.”

“ಕಳಿಸೋಕೆ ಯಾರು ಕರೀತಿದ್ದಾರೆ?”