ಪರೀಕ್ಷೆ ನಲವತ್ತೊಂದು

“ಆನ್ ಆಗ್ತಿಲ್ಲ.”

ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟು ಅವಳು ಹೇಳಿದ್ದು ಅಷ್ಟೇ ಮಾತು. ಆಚೆ ಕಡೆ ತಲೆ ತಗ್ಗಿಸಿ, ಯಾವುದೋ ಹಸಿರು ಬೋರ್ಡಿಗೆ ಬೆಸುಗೆ ಹಾಕುತ್ತಿದ್ದವನು ಕತ್ತೆತ್ತಿ ನೋಡಿದ.



ಅವನು!

ಮೂರು ವರ್ಷದ ಹಿಂದೆ ಒಂದು ಮಾತೂ ಹೇಳದೆ ಎದ್ದು ಹೋದವನು. ನೆನಪಾದಾಗಲೆಲ್ಲ ಹಲ್ಲು ಕಚ್ಚಿಕೊಂಡು ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ಮನೆಯ ಕಿಟಕಿಗಳನ್ನೆಲ್ಲ ಒರೆಸಿ ಒರೆಸಿ ಅವಳು ಮರೆತಿದ್ದವನು. ಮರೆತಿದ್ದೇನೆ ಅಂದುಕೊಂಡಿದ್ದವನು...

“ಏನು ಪ್ರಾಬ್ಲಂ... ಮೇಡಂ?”

ಮೇಡಂ! ಆ ಒಂದು ಪದ ಕೆನ್ನೆಗೆ ಬಾರಿಸಿದಂತಿತ್ತು. ಸರಿ, ಹಾಗೇ ಆಗಲಿ.

“ಹೇಳಿದ್ನಲ್ಲ, ಆನ್ ಆಗ್ತಿಲ್ಲ. ಎರಡು ಅಂಗಡಿಯವರು ಆಗಲ್ಲ ಅಂದ್ರು. ನಿಮ್ಮ ಕೈಲೂ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ. ಅರ್ಧಕ್ಕೆ ಬಿಟ್ಟು ಹೋಗೋರು ನಂಗೆ ಬೇಡ.”

ಮೂಲೆಯಲ್ಲಿ ಕುಳಿತು ರಸೀದಿ ಬರೆಯುತ್ತಿದ್ದ ಅಂಗಡಿಯ ಯಜಮಾನಮ್ಮ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. “ನಮ್ಮ ಹುಡುಗನಿಗೆ ಮಾತು ಕಮ್ಮಿ, ಕೈ ಚುರುಕು. ಕೂತ್ಕೊಳಮ್ಮ, ಸ್ಟೂಲು ಅಲ್ಲಾಡುತ್ತೆ, ಹುಷಾರು.”

ಅವಳು ಕೂರಲಿಲ್ಲ. ಬಾಗಿಲ ಕಡೆ ನೋಡಿದಳು. ಈಗಲೇ ಎತ್ತಿಕೊಂಡು ಹೊರಟುಬಿಡಲೇ? ಆದರೆ ಹೋಗುವುದೆಲ್ಲಿಗೆ? ಅದರೊಳಗೆ ಇರುವುದು ಬೇರೆ ಎಲ್ಲಿಯೂ ಇಲ್ಲವಲ್ಲ!

ಅವನು ಚಾರ್ಜರಿಗೆ ಮೀಟರ್ ಹಿಡಿದ. ಕರೆಂಟ್ ಬರುತ್ತಿತ್ತು. ಲ್ಯಾಪ್‌ಟಾಪನ್ನು ಮಗ್ಗುಲಾಗಿಸಿ, ಬ್ಯಾಟರಿ ಬಿಚ್ಚಿ, ಪವರ್ ಬಟನ್ನನ್ನು ಒತ್ತಿ ಹಿಡಿದು ಮನಸ್ಸಿನಲ್ಲೇ ಮೂವತ್ತು ಎಣಿಸಿದ. ಎಣಿಸುವಾಗ ಅವನ ತುಟಿ ಅಲುಗುತ್ತದೆ, ಈಗಲೂ. ನೋಡಬಾರದೆಂದುಕೊಂಡರೂ ಅವಳು ನೋಡಿದಳು.

“ಅಮ್ಮ ಹೇಗಿದಾರೆ?” ತಲೆಯೆತ್ತದೆ ಕೇಳಿದ. “ಈಗ್ಲೂ ಉಚ್ಚಾರಣೆ ತಪ್ಪಿದ್ರೆ ಬೈತಾರಾ?”

“ಬೈಯೋಕೆ ಗಂಟಲಿಲ್ಲ ಅವರಿಗೆ.”

ಅವನ ಬೆರಳು ಬಟನ್ನಿನಿಂದ ಜಾರಿತು.

“ಹೋದ ವರ್ಷ ಆಪರೇಷನ್ ಆಯ್ತು. ಜೀವ ಉಳೀತು, ದನಿ ಉಳೀಲಿಲ್ಲ. ಅಮ್ಮ ಓದಿದ ಪದ್ಯ ಎಲ್ಲಾ ಇದರಲ್ಲೇ ಇದೆ. ಅರವತ್ತಮೂರು. ಬೇರೆ ಕಡೆ ಒಂದೂ ಇಲ್ಲ.” ಅವಳು ಕಣ್ಣು ಒದ್ದೆಯಾಗಲು ಬಿಡಲಿಲ್ಲ. “ಅದಕ್ಕೇ ನಿಂತಿದೀನಿ. ನಿಮ್ಮನ್ನ ನೋಡೋಕಲ್ಲ.”

“ನಂಗೆ ಗೊತ್ತಿರ್ಲಿಲ್ಲ... ಈ ಊರಿಗೆ ವಾಪಸ್ ಬಂದು ಒಂದು ತಿಂಗಳಾಯ್ತು ಅಷ್ಟೇ.”

“ಗೊತ್ತಾಗೋ ಹಾಗೆ ಎಲ್ಲಿದ್ರಿ?”

ಅವನು ಸ್ಕ್ರೂಡ್ರೈವರ್ ಎತ್ತಿಕೊಂಡು ಲ್ಯಾಪ್‌ಟಾಪಿನ ಹಿಂದಿನ ಮುಚ್ಚಳ ಬಿಚ್ಚತೊಡಗಿದ.

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುತ್ತಿದ್ದ, ಈಗ ಮುಚ್ಚಿಹೋಗಿರುವ ಪುಟ್ಟ ಸಂಸ್ಥೆಯೊಂದರಲ್ಲಿ ಅವರಿಬ್ಬರ ಪರಿಚಯವಾಗಿತ್ತು. ಅವಳು ಕಥೆಗಳನ್ನು ಓದುತ್ತಿದ್ದಳು. ನಿವೃತ್ತ ಶಿಕ್ಷಕಿಯಾದ ಅಮ್ಮ ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅವಳ ಇದೇ ಲ್ಯಾಪ್‌ಟಾಪಿನಲ್ಲಿ ಧ್ವನಿ ಹಿಡಿಯುವವನು ಅವನು. ದಿನಕ್ಕೆ ಹತ್ತು ಮಾತು ಆಡಿದರೆ ಅದೇ ಹೆಚ್ಚು. ಅದಕ್ಕೇ ಅಮ್ಮ ಅವನಿಗೆ ‘ಸೌಂಡು’ ಎಂದು ಹೆಸರಿಟ್ಟಿದ್ದರು. ಆ ಗಾಜಿನ ಗೋಡೆಯ ಆಚೆ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತಾನು ಓದುವ ಒಂದೊಂದು ಸಾಲನ್ನೂ ಕಣ್ಣು ಮುಚ್ಚಿ ಕೇಳುವವನನ್ನು ಅವಳು ಯಾವಾಗ ಪ್ರೀತಿಸತೊಡಗಿದಳೋ ಅವಳಿಗೇ ತಿಳಿಯದು. ಅವನೂ ಪ್ರೀತಿಸುತ್ತಾನೆ ಎಂದು ನಂಬಿದ್ದಳು. ಒಂದು ದಿನ ಅವನ ಕುರ್ಚಿ ಖಾಲಿಯಿತ್ತು. ಬೇರೆ ಊರಿನಲ್ಲಿ ಕೆಲಸ ಸಿಕ್ಕಿತಂತೆ, ಹೋದನಂತೆ... ಅಷ್ಟೇ!

“ಮೆಮೊರಿ ಕಡ್ಡಿ ಮೇಲೆ ಕಿಲುಬು ಹಿಡಿದಿದೆ,” ಎಂದ ಅವನು. ಬೆರಳುದ್ದದ ಪಟ್ಟಿಯನ್ನು ಹೊರತೆಗೆದು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲನೆ ಉಜ್ಜಿದ. ಊದಿದ. ಮತ್ತೆ ಕೂರಿಸಿದ.

ಬಟನ್ ಒತ್ತಿದ.

ಫ್ಯಾನು ತಿರುಗಿತು. ಪರದೆ ಕಪ್ಪು... ಕಪ್ಪು... ದೇವರೇ, ದೇವರೇ... ಬೆಳಕು!

ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಆದರೆ ಒಳಗಿನಿಂದ ಟಕ್, ಟಕ್ ಎಂದು ಯಾರೋ ಉಗುರಿನಿಂದ ಬಡಿಯುವ ಹಾಗೆ ಸದ್ದು ಬಂದಾಗ ಅವನ ಹುಬ್ಬು ಗಂಟಿಕ್ಕಿತು.

“ಡಿಸ್ಕ್ ಹೋಗೋ ಹಂತದಲ್ಲಿದೆ. ಆಫ್ ಮಾಡಿದ್ರೆ ಇನ್ನೊಂದ್ಸಲ ಬರುತ್ತೋ ಇಲ್ವೋ. ಎಷ್ಟು ಸಿಗುತ್ತೋ ಅಷ್ಟು, ಈಗ್ಲೇ ಇಳಿಸಿಕೊಳ್ಬೇಕು. ಮೊದಲು ಯಾವುದು?”

“ಅಮ್ಮ.”

ಹೊಸ ಡಿಸ್ಕೊಂದನ್ನು ಜೋಡಿಸಿದ. ಪರದೆಯ ಮೇಲೆ ಹಸಿರು ಗೆರೆ ಇಂಚಿಂಚಾಗಿ ತೆವಳತೊಡಗಿತು. ಹನ್ನೆರಡು... ಇಪ್ಪತ್ತು... ಮೂವತ್ತೊಂದಕ್ಕೆ ಬಂದು ನಿಂತಿತು. ಇಬ್ಬರೂ ಒಂದೇ ಪರದೆಗೆ ಬಗ್ಗಿ ನೋಡಿದರು, ಭುಜಕ್ಕೆ ಭುಜ ತಾಕುವಷ್ಟು ಹತ್ತಿರ. ತಾಕಲಿಲ್ಲ. ಗೆರೆ ಮತ್ತೆ ಹೊರಟಿತು.

“ನಾನು ಊಟಕ್ಕೆ ಹೋಗ್ತೀನಪ್ಪ,” ಎಂದು ಯಜಮಾನಮ್ಮ ಎದ್ದರು. “ಇಬ್ಬರೂ ಸೇರಿ ಹೀಗೆ ದುರುಗುಟ್ಟಿ ನೋಡಿದ್ರೆ ಸರಿ ಇರೋ ಲ್ಯಾಪ್‌ಟಾಪೂ ಹೆದರಿ ನಿಂತುಹೋಗುತ್ತೆ!”

ಅರವತ್ತಮೂರೂ ಇಳಿದವು. ಸರಿಯಾಗಿದೆಯೇ ನೋಡಲು ಹೊಸ ಡಿಸ್ಕಿನಿಂದ ಒಂದನ್ನು ಹಾಕಿದ.

ಅಮ್ಮನ ದನಿ!

ಸಾಲಿನ ಕೊನೆಯಲ್ಲಿ ಉಸಿರನ್ನು ಹಿಡಿದು, ಒಂದು ಕ್ಷಣ ಕಾಯಿಸಿ, ಮುಂದಿನ ಸಾಲಿಗೆ ಇಳಿಯುವ ಆ ತುಂಬು ದನಿ. ವರ್ಷದಿಂದ ಮನೆಯಲ್ಲಿ ಇಲ್ಲದ ದನಿ. ಅವಳು ಅಲ್ಲಾಡುವ ಆ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಅವನು ಬೇರೆ ಕಡೆ ಮುಖ ತಿರುಗಿಸಿದ, ಅವಳು ಅಳಲಿ ಎಂದು.

ಸ್ವಲ್ಪ ಹೊತ್ತಿನ ಮೇಲೆ ಗಂಟಲು ಸರಿಮಾಡಿಕೊಂಡ. “ಕಸದ ಬುಟ್ಟಿಯನ್ನೂ ಒಂದ್ಸಲ ನೋಡ್ತೀನಿ. ಎಷ್ಟೋ ಜನ ಬೇಕಾದ್ದನ್ನೇ ತಪ್ಪಿ ಅಲ್ಲಿಗೆ ಹಾಕಿರ್ತಾರೆ.”

ಪರದೆಯ ಮೂಲೆಯ ಬುಟ್ಟಿಯನ್ನು ಒತ್ತಿದ. ಉದ್ದದ ಸಾಲು ಬಿಚ್ಚಿಕೊಂಡಿತು. ಪರೀಕ್ಷೆ ೧, ಪರೀಕ್ಷೆ ೨, ಪರೀಕ್ಷೆ ೩... ಕೊನೆಯಲ್ಲಿ ಪರೀಕ್ಷೆ ೪೧.

ಅವನ ಕೈ ಅಲ್ಲೇ ನಿಂತಿತು. ಮುಖ ಕಲ್ಲಾಯಿತು.

“ಎಲ್ಲಾ ಕೇಳಿಸ್ಕೊಂಡು ಆಮೇಲೆ ಕಸಕ್ಕೆ ಹಾಕಿದ್ದೀರ. ಬುಟ್ಟಿನಾದ್ರೂ ಖಾಲಿ ಮಾಡ್ಬಹುದಿತ್ತಲ್ಲ.”

“ಏನು ಕೇಳಿಸ್ಕೊಂಡು?”

“ಬಿಡಿ ಮೇಡಂ. ಹಳೇದು.”

“ಏನು ಕೇಳಿಸ್ಕೊಂಡು ಅಂದೆ!” ಅವಳು ಎದ್ದು ನಿಂತಳು. “ಅವು ನಿನ್ನ ‘ಒಂದು ಎರಡು ಮೂರು’ ತಾನೇ? ಬೆಳಿಗ್ಗೆ ಮೈಕು ನೋಡೋಕೆ ನೀನೇ ಮಾಡ್ತಿದ್ದೆ. ಸಂಜೆ ನೀನೇ ‘ಪರೀಕ್ಷೆ ತೆಗಿ’ ಅಂತಿದ್ದೆ. ತೆಗೀತಿದ್ದೆ. ಒಂದನ್ನೂ ಯಾವತ್ತೂ ಕೇಳಿಲ್ಲ ನಾನು. ಯಾಕೆ ಕೇಳ್ಲಿ?”

ಮೇಡಂ, ನೀವು, ಎಲ್ಲ ಕಳಚಿಬಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ.

ಅವನು ಪರದೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಕೊನೇದು... ಅದನ್ನೂ?”

“ಅದನ್ನೂ!”

“ಅವತ್ತು ಫೋನ್ ಮಾಡಿ ಹೇಳಿದ್ದೆ. ‘ಇವತ್ತು ಒಂದು ಪರೀಕ್ಷೆ ಇಟ್ಟಿದೀನಿ, ತೆಗಿ’ ಅಂತ.”

“ಹೌದು. ತೆಗೆದೆ.”

“‘ತೆಗೆದ್ಯಾ’ ಅಂತ ನಾನು ಕೇಳಿದೆ. ‘ತೆಗೆದೆ’ ಅಂದೆ ನೀನು. ‘ಏನೂ ಹೇಳಲ್ವಾ’ ಅಂದ್ರೆ...” ಅವನು ಪರದೆಯಿಂದ ಕಣ್ಣು ಕಿತ್ತು ಅವಳನ್ನು ನೋಡಿದ. “‘ಹೇಳೋಕೇನಿದೆ, ದಿನಾ ಇದ್ದಿದ್ದೇ’ ಅಂದೆ. ನಗ್ತಾ ಅಂದೆ ನೀನು.”



ಅವಳಿಗೆ ಅರ್ಥವಾಯಿತು. ಒಮ್ಮೆಲೇ ಅಲ್ಲ... ವಿಷ ಏರಿದಂತೆ, ನಿಧಾನವಾಗಿ. ನಲವತ್ತು ದಿನ ‘ತೆಗಿ’ ಎಂದರೆ ಅಳಿಸು. ನಲವತ್ತೊಂದನೆಯ ದಿನ ‘ತೆಗಿ’ ಎಂದರೆ... ಬಿಚ್ಚಿ ಕೇಳು!

“ಅದಕ್ಕೂ ಪರೀಕ್ಷೆ ಅಂತಾನೇ ಹೆಸರಿಟ್ಯಾ?” ಅವಳ ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು.

“ನಂಗದು ಪರೀಕ್ಷೇನೇ ಆಗಿತ್ತು.”

“ಹಾಕು ಅದನ್ನ. ಈಗ್ಲೇ ಕೇಳ್ಬೇಕು.”

ಅವನು ಫೈಲನ್ನು ಬುಟ್ಟಿಯಿಂದ ಮೇಲೆತ್ತಿ ಒತ್ತಿದ. ಟಕ್. ಟಕ್, ಟಕ್. ಒಂದು ಉಸಿರು ಕೇಳಿಸಿತು. ಅವನದೇ ಉಸಿರು, ಮಾತಿಗೆ ಮೊದಲಿನದು. ಮರುಕ್ಷಣ ಪರದೆ ಹೆಪ್ಪುಗಟ್ಟಿ, ನೀಲಿಯಾಗಿ, ಕಪ್ಪಾಯಿತು.

ಬಟನ್ ಒತ್ತಿದ. ಬ್ಯಾಟರಿ ಬಿಚ್ಚಿ ಹಾಕಿದ. ಮತ್ತೆ ಒತ್ತಿದ. ಡಿಸ್ಕನ್ನೇ ಕಳಚಿ ಬೇರೆ ಕೇಬಲ್ಲಿಗೆ ಸಿಕ್ಕಿಸಿ ಕಿವಿಗೊಟ್ಟು ಕೇಳಿದ. ಟಕ್ ಎನ್ನುವ ಆ ಸದ್ದೂ ಈಗ ಇರಲಿಲ್ಲ.

“ಹೋಯ್ತು,” ಎಂದ.

ಅವಳು ನಗಲು ಹೋದಳು. ಅದು ನಗುವಾಗಲಿಲ್ಲ.

“ಮೂರು ವರ್ಷ! ಆಸ್ಪತ್ರೆ ವರಾಂಡದ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದೆ ನಾನು. ಅಮ್ಮ ಒಳಗೆ ಹೋಗೋ ಮುಂಚೆ ಕೊನೇ ಸಲ ಮಾತಾಡಿದ್ದು ಏನು ಗೊತ್ತಾ? ‘ಸೌಂಡು ಸಿಕ್ಕಿದ್ರೆ ಬೈಬೇಡ, ಏನೋ ಕಾರಣ ಇರುತ್ತೆ’ ಅಂತ. ಅವರ ಕೊನೇ ಮಾತನ್ನೂ ನಿಂಗೇ ಕೊಟ್ರು! ನೀನು ಒಂದ್ಸಲ, ಒಂದೇ ಒಂದ್ಸಲ, ಎದುರಿಗೆ ನಿಂತು ಕೇಳೋಕಾಗ್ಲಿಲ್ವಾ? ಮೈಕಿಗೆ ಹೇಳೋಷ್ಟು ಧೈರ್ಯ, ನಂಗೆ ಹೇಳೋಕೆ ಇರ್ಲಿಲ್ವಾ?”

“ಇರ್ಲಿಲ್ಲ.” ಅವನು ತಲೆ ತಗ್ಗಿಸಿದ. ಆಮೇಲೆ ತುಸು ಕಹಿಯಾಗಿಯೇ, “ನೀನೂ ಯಾಕೆ ಹೋದೆ ಅಂತ ಒಂದು ಫೋನ್ ಮಾಡ್ಲಿಲ್ಲ,” ಎಂದ.

ಆ ಮಾತು ಎದೆಗೇ ತಾಗಿತು. ಏಕೆಂದರೆ ಅದು ನಿಜ. ಎಷ್ಟೋ ಸಲ ನಂಬರ್ ಒತ್ತಿ, ‘ಬಿಟ್ಟು ಹೋದವನಿಗೆ ನಾನೇಕೆ ಮಾಡಲಿ’ ಎಂದು ಫೋನನ್ನು ಮಗುಚಿ ಇಟ್ಟಿದ್ದಳು. ಅಭಿಮಾನ ಎಂದುಕೊಂಡಿದ್ದಳು. ಎಂಥ ಅಭಿಮಾನ... ಯಾರಿಗೆ ಬೇಕಿತ್ತು!

“ಏನಿತ್ತು ಅದರಲ್ಲಿ?” ಸತ್ತ ಡಿಸ್ಕನ್ನು ತೋರಿಸಿ ಕೇಳಿದಳು.

“ಎರಡು ನಿಮಿಷ ಹನ್ನೆರಡು ಸೆಕೆಂಡ್.”

“ಉದ್ದ ಕೇಳ್ಲಿಲ್ಲ ನಾನು.”

“ಒಂದೂಮುಕ್ಕಾಲು ನಿಮಿಷ ಬರೀ ಗಂಟಲು ಸರಿ ಮಾಡ್ಕೊಂಡಿದೀನಿ.”

ಬೇಡವೆಂದರೂ ಅವಳ ತುಟಿ ಕೊಂಕಿತು. “ಮಿಕ್ಕಿದ್ದು?”

ಅವನು ಕೌಂಟರಿನ ಸುತ್ತ ಬಳಸಿಕೊಂಡು ಈಚೆಗೆ ಬಂದ. ಎದುರಿಗೆ ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಅಂಚಿಗೆ ಒರೆಸಿಕೊಂಡ.

“ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ನೀನು ಬೇಡ ಅಂದ್ರೆ ಹೋಗಲ್ಲ. ನಿನ್ನ ದನಿ ಕೇಳ್ದೇ ಇರೋಕೆ ನಂಗೆ ಬರಲ್ಲ. ನನ್ನ ಮದುವೆ ಆಗ್ತೀಯಾ... ಅಂತ.”

“ಅವತ್ತು ಕೇಳಿದ್ರೆ ಹೂಂ ಅಂತಿದ್ದೆ.”

“ಇವತ್ತು?”

“ಇವತ್ತು ನಿನ್ನ ನೋಡಿದ್ರೆ ಮೈಯೆಲ್ಲ ಉರಿಯುತ್ತೆ.” ತಡೆದಿದ್ದ ಕಣ್ಣೀರು ಈಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. “ನನ್ನ ನೋಡಿದ್ರೂ ಅಷ್ಟೇ ಉರಿಯುತ್ತೆ. ಮೂರು ವರ್ಷ ಯಾರು ತಂದುಕೊಡ್ತಾರೆ? ಅಮ್ಮ ಮಾತಾಡ್ತಿದ್ದ ಕಾಲ... ಅದನ್ನ ಯಾರು ತಂದುಕೊಡ್ತಾರೆ?”

ಅವನು ಅವಳ ಮುಂದೆ ಕೈ ಚಾಚಿದ.

ಅವಳು ಆ ಕೈಯನ್ನು ನೋಡಿದಳು. ಬೆಸುಗೆಯ ಸುಟ್ಟ ಕಲೆಗಳು ಬೆರಳ ತುಂಬ. ಹಿಡಿಯಲಿಲ್ಲ. ಹೊಸ ಡಿಸ್ಕನ್ನು ಎತ್ತಿ ಅದರ ಮೇಲಿಟ್ಟಳು, ತನ್ನ ಕೈಯನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲ.

“ಸಂಜೆ ಮನೆಗೆ ಬಾ. ಅಮ್ಮನಿಗೆ ನೀನೇ ಕೇಳಿಸ್ಬೇಕು.”

“ಅಮ್ಮ ಸಿಟ್ಟು ಮಾಡ್ಕೊಂಡ್ರೆ?”

“ಚೀಟೀಲಿ ಬರೆದು ಬೈತಾರೆ. ನಿಂತು ಪೂರ್ತಿ ಓದು.”

“ನೀನು?”

“ನಂಗೆ ಬರೆಯೋಕಾಗಲ್ಲ, ಬಾಯಲ್ಲೇ ಬೈಬೇಕು. ಮೂರು ವರ್ಷದ್ದು ಸೇರಿದೆ, ತುಂಬಾ ದಿನ ಹಿಡಿಯುತ್ತೆ.” ಅವಳು ಮೂಗೊರೆಸಿಕೊಂಡು ಅವನ ಕಣ್ಣನ್ನೇ ದಿಟ್ಟಿಸಿದಳು. “ಅಷ್ಟು ದಿನ ಇರ್ತೀಯಾ?”

“ಇರ್ತೀನಿ.”