ಬಾಗಿಲಾಚೆಯ ಬಡಿತ

ತಾಲೀಮು ಮುಗಿದು ವೇಷಭೂಷಣದ ಕೋಣೆಯ ಬಾಗಿಲು ತೆರೆದಾಗ ಮೊದಲು ಹೊರಬಿದ್ದದ್ದು ಉಸಿರುಗಟ್ಟಿಸುವ ಹಸಿ ಬಣ್ಣದ ಘಾಟು. ಆಮೇಲೆ ಒಂದು ಕೈ.

ನಾಟಕದ ಅನುವಾದಕಿ ಹೊಸ್ತಿಲ ಬಳಿ ಮುದುಡಿ ಬಿದ್ದಿದ್ದಳು. ಬೆರಳ ಗೆಣ್ಣುಗಳು ಸುಲಿದಿದ್ದವು. ಉಸಿರು ನೂಲೆಳೆಯಷ್ಟಿತ್ತು. ಆಂಬುಲೆನ್ಸ್ ಅವಳನ್ನು ಕೊಂಡೊಯ್ದಿತು. ಪೊಲೀಸರು ಅವಳ ತಮ್ಮನನ್ನು ಹಿಡಿದು ಕೂರಿಸಿದರು. ಕೀಲಿ ಇದ್ದದ್ದು ಅವನೊಬ್ಬನ ಬಳಿ. ಬೆಳಿಗ್ಗೆ ಇಬ್ಬರೂ ಜಗಳವಾಡಿದ್ದರು.

"ಸಿಗರೇಟು ಬಿಡು ಅಂದ್ಲು ಅಕ್ಕ, ದಿನಾ ಅದೇ ಪುರಾಣ ಮೇಡಂ," ಎಂದ ತಮ್ಮ. " ತಾಲೀಮಿನ ಹೊತ್ತಲ್ಲಿ ನಾನು ಪರದೆ ಹಿಂದಿದ್ದೆ. ಆಸ್ಪತ್ರೆಗೆ ಬಿಡಿ, ಅವಳಿಗೆ ನನ್ನ ಬಿಟ್ರೆ ಯಾರೂ ಇಲ್ಲ."

ಇನ್ಸ್‌ಪೆಕ್ಟರ್ ಮೇಡಂ ಬಾಗಿಲು ಎಳೆದು ನೋಡಿದರು. ಟಕ್. ತಾನೇ ಬೀಗ ಬಿತ್ತು. ಹಾಕಲು ಕೀಲಿ ಬೇಡ, ತೆಗೆಯಲು ಬೇಕು. ಒಳಗೆ ಹಿಡಿಯೇ ಇರಲಿಲ್ಲ. ಪೇದೆಯನ್ನು ಒಳಗೆ ನಿಲ್ಲಿಸಿ ಬಾಗಿಲು ಬಡಿಯಲು ಹೇಳಿದರು. ಬಾಗಿಲ ಪಕ್ಕದಲ್ಲಿ ಸ್ಪಷ್ಟ. ಸಭಾಂಗಣದಲ್ಲೂ ರಂಗದ ಮೇಲೂ ಸದ್ದೇ ಇಲ್ಲ.

*

ನಿರ್ದೇಶಕ ಈ ಏಕಾಂಕವನ್ನು ಮೂರು ದೇಶಗಳಲ್ಲಿ, ಮೂರು ಭಾಷೆಗಳಲ್ಲಿ ಆಡಿಸಿದವನು. ಮುಚ್ಚಿದ ಕೋಣೆಯಲ್ಲಿ ಒಬ್ಬ ಮುದುಕಿ. ಹೊರಗೆ ಯಾರದೋ ಬಡಿತ. ಬಂದದ್ದು ಮಗನೋ ಸಾವೋ, ನಾಟಕ ಹೇಳುವುದಿಲ್ಲ.

"ತಾಲೀಮು ಮುಗಿಯೋವರೆಗೂ ಹಿಂದಿನ ಸಾಲಲ್ಲೇ ಕತ್ತಲಲ್ಲಿ ಕೂತಿದ್ದೆ," ಎಂದ. "ಬಡಿತ ಕೇಳಿಸ್ತಾನೇ ಇತ್ತು. ನಾಟಕದ್ದೇ ಅಲ್ವಾ ಅಂದ್ಕೊಂಡೆ. ಅದು ಮೆಲ್ಲಗಾಗ್ತಾ ನಿಂತಾಗ ಇವತ್ತೂ ಮೈ ಜುಮ್ಮೆಂದಿತು."

*

ಮುದುಕಿಯ ಪಾತ್ರದಾಕೆ ಮುಖದ ಬಣ್ಣ ಒರೆಸುತ್ತಿದ್ದಳು.

"ಬಡಿತ ಎಲ್ಲಿಂದ ಬಂತು ಮೇಡಂ? ಇವತ್ತು ಕರೆಗಂಟೆ. ಈ ಊರಲ್ಲಿ ಬಾಗಿಲು ಬಡಿಯೋರು ಯಾರು, ಎಲ್ಲರೂ ಬೆಲ್ ಒತ್ತೋರೇ ಅಂತ ಅನುವಾದಕಿ ಬೆಳಿಗ್ಗೆ ಬದಲಾಯಿಸಿದ್ರು. ಸಾರ್ ಇನ್ನೂ ಬಂದಿರಲಿಲ್ಲ."

"ಬೆಲ್ ಒತ್ತಿದ್ದು ಯಾರು?"

"ಅವರ ತಮ್ಮ. ನಾನು ಕೂರೋ ಜಾಗದಿಂದ ಕಾಣ್ತಾನೆ. ಎದ್ದೇ ಇಲ್ಲ."

"ಮೊದಲೇ ಹೇಳಬಾರದಿತ್ತಾ?"

"ನಿಮ್ಮವರು ಕೇಳಿದ್ರೆ ತಾನೆ!"

*

ಮೇಡಂ ಎಲ್ಲರನ್ನೂ ರಂಗದ ಮೇಲೆ ಸೇರಿಸಿದರು.

"ಸಾರ್, ಇಲ್ಲಿ ಕೂತವರಿಗೆಲ್ಲ ಬೆಲ್ ಕೇಳಿಸಿದೆ. ನಿಮಗೊಬ್ಬರಿಗೇ ಬಡಿತ. ಹಾಗಾದ್ರೆ ನೀವಿದ್ದದ್ದು ಆ ಕೋಣೆ ಬಾಗಿಲಲ್ಲಿ. ನೀವು ಕೇಳಿದ್ದು ನಾಟಕದ ಬಡಿತ ಅಲ್ಲ."

ನಿರ್ದೇಶಕ ಕುರ್ಚಿ ಎಳೆದು ಕೂತ.

"ಹೊರದೇಶದವರು ಈ ಸಲ ಕರೆದದ್ದು ಅವಳ ಅನುವಾದವನ್ನ. ನಿರ್ದೇಶನಕ್ಕೆ ಬೇರೆಯವರಂತೆ. ವಾದ ಹತ್ತಿತು. ಸಿಟ್ಟಲ್ಲಿ ಬಾಗಿಲು ಎಳೆದೆ. ಸ್ವಲ್ಪ ಹೆದರಲಿ ಅಂತ ನಿಂತೆ. ಸದ್ದು ನಿಂತಾಗ ತೆಗೆಯೋಣ ಅಂದ್ಕೊಂಡೆ. ಕೀಲಿ ನನ್ನ ಹತ್ರ ಇರಲಿಲ್ಲ."

ತಮ್ಮ ಎದ್ದು ನಿಂತಿದ್ದ. ಅವನ ದನಿ ಏರಲಿಲ್ಲ.

"ಕೇಳಬಹುದಿತ್ತಲ್ಲ ಸಾರ್. ಪರದೆ ಹಿಂದೇನೇ ಇದ್ದೆ."